ಕಣ್ಣಿನ ಗೂಡು ಮತ್ತು ಅದರ ನೆರೆಹೊರೆ

2021ರ ಮೇ ತಿಂಗಳಿನಲ್ಲಿ ತೆಲಂಗಾಣ ಸರ್ಕಾರವು ಹೈದರಾಬಾದಿನ ಕೋಠಿಯಲ್ಲಿರುವ ಸರ್ಕಾರಿ ಕಿವಿ, ಮೂಗು, ಗಂಟಲು ಆಸ್ಪತ್ರೆಯನ್ನು ಕಪ್ಪು ಶಿಲೀಂಧ್ರ ರೋಗದ ಚಿಕಿತ್ಸೆಯ ಮುಖ್ಯ ಕೇಂದ್ರವೆಂದು ಗೊತ್ತುಪಡಿಸಿತು. ಕಣ್ಣಿಗೆ ಸಂಬಂಧಿಸಿದ ತೊಂದರೆಗಳಿಗೆ ಮೆಹದಿಪಟ್ಟಣದ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯ ವೈದ್ಯರ ನೆರವು ಪಡೆಯುವ ಏರ್ಪಾಡಾಯಿತು. ಅದೇ ತಿಂಗಳ 20ರಂದು ಈ ರೋಗವನ್ನು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದ ಅಡಿಯಲ್ಲಿ ಕಡ್ಡಾಯವಾಗಿ ವರದಿ ಮಾಡತಕ್ಕ ರೋಗವೆಂದು ಘೋಷಿಸಲಾಯಿತು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ರೋಗಿಗಳ ಲೆಕ್ಕ ತಿಳಿದು ಔಷಧಿಯನ್ನು ಸರಿಯಾಗಿ ಹಂಚಲು ಇಂಥ ವರದಿ ಅಗತ್ಯವಾಗಿತ್ತು.

ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರು ಕಣ್ಣು ಊದಿದೆ, ರೆಪ್ಪೆ ಜೋತುಬಿದ್ದಿದೆ, ಒಂದೇ ವಸ್ತು ಎರಡಾಗಿ ಕಾಣುತ್ತಿದೆ ಎಂದು ಆಸ್ಪತ್ರೆಗೆ ಬರುತ್ತಿದ್ದರು. ದೂರು ಕಣ್ಣಿನದು, ಚಿಕಿತ್ಸೆಯ ಮುಖ್ಯ ಕೇಂದ್ರವಾದರೋ ಮೂಗಿನ ವೈದ್ಯರದು. ಇದು ಹೇಗೆ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದು. ಇದಕ್ಕೆ ಉತ್ತರ ಕಣ್ಣುಗುಡ್ಡೆಯಲ್ಲಿ ದೊರೆಯುವುದಿಲ್ಲ, ಕಣ್ಣುಗುಡ್ಡೆಯನ್ನು ಇರಿಸಿರುವ ಮೂಳೆಯ ಗೂಡಿನಲ್ಲಿ ದೊರೆಯುತ್ತದೆ. ಶಾಲೆಯ ಪಠ್ಯಪುಸ್ತಕಗಳಲ್ಲಿ ಕಣ್ಣನ್ನು ನಡುವೆ ಸೀಳಿದ ಒಂದು ಚೆಂಡಿನಂತೆ ಚಿತ್ರಿಸುವುದು ರೂಢಿ. ಬೆಳಕಿನ ಕಿರಣಗಳು ಎಲ್ಲಿ ಕೂಡುತ್ತವೆ ಎಂಬುದನ್ನು ತಿಳಿಯಲು ಆ ಚಿತ್ರ ಸಾಕು. ಆದರೆ ಆ ಚೆಂಡು ಎಲ್ಲಿ ಕುಳಿತಿದೆ, ಅದರ ಪಕ್ಕದಲ್ಲಿ ಏನಿದೆ ಎಂಬುದನ್ನು ಅದು ತಿಳಿಸುವುದಿಲ್ಲ. ಕಣ್ಣನ್ನು ಕಳೆದುಕೊಳ್ಳುವ ಅನೇಕ ಸಂದರ್ಭಗಳಲ್ಲಿ ಅಪಾಯ ಬರುವುದು ಈ ನೆರೆಮನೆಯಿಂದ.

ನಾಲ್ಕು ಗೋಡೆಗಳ ಮನೆ

ಕಣ್ಣಿನ ಗೂಡು ಅಡ್ಡಲಾಗಿ ಮಲಗಿಸಿದ ನಾಲ್ಕು ಮುಖದ ಗೋಪುರದಂತಿದೆ. ಅಗಲವಾದ ಬಾಯಿ ಮುಂದಕ್ಕೆ, ಚೂಪಾದ ತುದಿ ಹಿಂದಕ್ಕೆ. ಬಾಯಿಯ ಅಗಲ ಸುಮಾರು 4 ಸೆಂಟಿಮೀಟರು, ಎತ್ತರ ಸುಮಾರು ಮೂರೂವರೆ ಸೆಂಟಿಮೀಟರು. ಒಳಗಿನ ಆಳ 4ರಿಂದ ನಾಲ್ಕೂವರೆ ಸೆಂಟಿಮೀಟರು. ಅದರಲ್ಲಿ ಹಿಡಿಯುವುದು ಸುಮಾರು 30 ಮಿಲಿಲೀಟರಿನಷ್ಟು. ಕಣ್ಣುಗುಡ್ಡೆ ಇದರಲ್ಲಿ ತೆಗೆದುಕೊಳ್ಳುವ ಜಾಗ ಕೇವಲ 7 ಮಿಲಿಲೀಟರು, ಎಂದರೆ ಕಾಲುಭಾಗಕ್ಕಿಂತ ಕಡಿಮೆ. ಉಳಿದ ಜಾಗವನ್ನು ಸ್ನಾಯುಗಳು, ನರಗಳು, ರಕ್ತನಾಳಗಳು, ಕಣ್ಣೀರಿನ ಗ್ರಂಥಿ ಮತ್ತು ಇವೆಲ್ಲವನ್ನೂ ಹತ್ತಿಯಂತೆ ಸುತ್ತಿಕೊಂಡಿರುವ ಮೃದುವಾದ ಕೊಬ್ಬು ತುಂಬಿಕೊಂಡಿವೆ. ಕಣ್ಣುಗುಡ್ಡೆ ಮೂಳೆಗೆ ಎಲ್ಲಿಯೂ ತಾಗದೆ ಈ ಕೊಬ್ಬಿನ ಮೆತ್ತೆಯ ಮೇಲೆ ಒರಗಿಕೊಂಡಿದೆ. ದೀರ್ಘಕಾಲ ಕಾಯಿಲೆ ಬಿದ್ದವರ ಅಥವಾ ಹಸಿವಿನಿಂದ ಬಳಲಿದವರ ಕಣ್ಣು ಗುಳಿ ಬೀಳುವುದಕ್ಕೆ ಈ ಮೆತ್ತೆ ಕರಗುವುದು ಒಂದು ಕಾರಣ.

ಈ ಗೂಡನ್ನು ಏಳು ಮೂಳೆಗಳು ಸೇರಿ ಕಟ್ಟಿವೆ: ಹಣೆಯ ಮೂಳೆ, ಕೆನ್ನೆಯ ಮೂಳೆ, ಮೇಲ್ದವಡೆಯ ಮೂಳೆ, ಕಣ್ಣೀರಿನ ಮೂಳೆ, ಜರಡಿ ಮೂಳೆ, ಬೆಣೆ ಮೂಳೆ ಹಾಗೂ ಅಂಗುಳಿನ ಮೂಳೆಯ ಒಂದು ಚಿಕ್ಕ ಚೂರು. ಹೆಸರುಗಳನ್ನು ನೆನಪಿಡಬೇಕಾದ ಅಗತ್ಯ ಸಾಮಾನ್ಯ ಓದುಗರಿಗೆ ಇಲ್ಲ. ಗೋಡೆಗಳ ದಪ್ಪವನ್ನು ಮಾತ್ರ ತಿಳಿಯಬೇಕು.

ಓದುಗರು ತೋರುಬೆರಳಿನಿಂದ ತಮ್ಮ ಕಣ್ಣಿನ ಸುತ್ತಲಿನ ಅಂಚನ್ನು ಮೆಲ್ಲನೆ ಮುಟ್ಟಿ ನೋಡಬಹುದು. ಹುಬ್ಬಿನ ಕೆಳಗೆ, ಮೂಗಿನ ಕಡೆಗೆ ಒಂದು ಚಿಕ್ಕ ಕಚ್ಚು ಬೆರಳಿಗೆ ಸಿಗುತ್ತದೆ. ಹಣೆಗೆ ಹೋಗುವ ನರ ಅಲ್ಲಿಂದ ಹೊರಬೀಳುತ್ತದೆ. ಅಂಚು ಎಲ್ಲ ಕಡೆಯೂ ಗಟ್ಟಿ. ಹೊರಗಡೆಯ ಅಂಚು ಉಳಿದವುಗಳಿಗಿಂತ ಹಿಂದಕ್ಕೆ ಸರಿದಿರುವುದನ್ನೂ ಗಮನಿಸಬಹುದು. ಇದರಿಂದ ಪಕ್ಕದ ನೋಟ ವಿಶಾಲವಾಗಿದೆ, ಜೊತೆಗೆ ಆ ಕಡೆಯಿಂದ ಬರುವ ಪೆಟ್ಟಿಗೆ ಕಣ್ಣು ಹೆಚ್ಚು ಈಡಾಗಿಯೂ ಇದೆ. ಪ್ರಕೃತಿ ಇದಕ್ಕೆ ಪ್ರತಿಯಾಗಿ ಹೊರಗೋಡೆಯನ್ನೇ ನಾಲ್ಕರಲ್ಲಿ ಅತ್ಯಂತ ಬಲವಾಗಿ ಮಾಡಿದೆ.

ಆದರೆ ಬೆರಳಿಗೆ ಸಿಗುವ ಈ ಗಟ್ಟಿತನ ಬಾಗಿಲಿನ ಚೌಕಟ್ಟಿನದು ಮಾತ್ರ. ಒಳಗೆ ಹೋದಂತೆ ಗೋಡೆಗಳು ಬೇರೆಯೇ ಆಗಿವೆ. ಮೇಲ್ಛಾವಣಿಯ ಆಚೆ ಮೆದುಳಿನ ಮುಂಭಾಗವಿದೆ, ಅದರ ಮುಂತುದಿಯಲ್ಲಿ ಹಣೆಯ ಗಾಳಿಗೂಡು ಇದೆ. ನೆಲದ ಕೆಳಗೆ ಮೇಲ್ದವಡೆಯ ದೊಡ್ಡ ಗಾಳಿಗೂಡು. ಮೂಗಿನ ಕಡೆಯ ಗೋಡೆಯ ಆಚೆ ಜೇನುಗೂಡಿನಂಥ ಸಣ್ಣ ಸಣ್ಣ ಗಾಳಿಗೂಡುಗಳ ಸಾಲು. ಸಾಮಾನ್ಯವಾಗಿ ಸೈನಸ್ ಎಂದು ಕರೆಯುವುದು ಈ ಗಾಳಿಗೂಡುಗಳನ್ನೇ. ಇವೆಲ್ಲವೂ ಮೂಗಿನೊಳಕ್ಕೆ ತೆರೆದುಕೊಳ್ಳುತ್ತವೆ. ಹೀಗೆ ಕಣ್ಣಿನ ಗೂಡಿಗೆ ಮೂರು ಕಡೆ ಮೂಗಿನ ಮನೆಗಳೇ ನೆರೆಹೊರೆ. ಹೊರಗೋಡೆಯ ಪಕ್ಕದಲ್ಲಿ ಮಾತ್ರ ಕಪೋಲದ ಸ್ನಾಯು ಇದೆ.

ಮೂಗಿನ ಕಡೆಯ ಗೋಡೆಯ ಬಹುಭಾಗದ ದಪ್ಪ 0.2ರಿಂದ 0.4 ಮಿಲಿಮೀಟರು. ಅಂಚೆ ಕಾರ್ಡಿನ ದಪ್ಪಕ್ಕೆ ಇದನ್ನು ಹೋಲಿಸಬಹುದು. ಹಳೆಯ ಶರೀರಶಾಸ್ತ್ರಜ್ಞರು ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಇಟ್ಟ ಹೆಸರಿನ ಅರ್ಥವೇ ಕಾಗದದ ಹಾಳೆ ಎಂದು. ಒಣಗಿದ ತಲೆಬುರುಡೆಯನ್ನು ಬೆಳಕಿಗೆ ಹಿಡಿದರೆ ಈ ಗೋಡೆಯ ಮೂಲಕ ಬೆಳಕು ಹಾದುಬರುತ್ತದೆ. ಸಾಲದುದಕ್ಕೆ, ರಕ್ತನಾಳ ಮತ್ತು ನರಗಳು ಹಾಯುವ ಸ್ವಾಭಾವಿಕ ರಂಧ್ರಗಳೂ ಇದರಲ್ಲಿವೆ. ಮಕ್ಕಳಲ್ಲಿ ನೆಗಡಿಯ ಬಳಿಕ ಕೆಲವೊಮ್ಮೆ ಒಂದು ಕಣ್ಣಿನ ಸುತ್ತ ಕೆಂಪು ಊತ, ಜ್ವರ ಕಾಣಿಸಿಕೊಂಡು ಕಣ್ಣು ಮುಂದಕ್ಕೆ ಬರುವುದಕ್ಕೆ ಈ ಗೋಡೆಯ ಮೂಲಕ ಸೋಂಕು ದಾಟುವುದೇ ಮುಖ್ಯ ಕಾರಣ. ಅಂಥ ಊತವನ್ನು ಸಾಮಾನ್ಯ ಕಣ್ಣುಬೇನೆಯೆಂದು ಮನೆಯಲ್ಲಿ ಹನಿ ಹಾಕುತ್ತ ಕೂರುವುದು ಸಲ್ಲದು.

ಗೂಡಿನ ನಿವಾಸಿ

ಕಣ್ಣುಗುಡ್ಡೆಯ ರಚನೆ ಬಹುಮಂದಿಗೆ ಪರಿಚಿತವಾದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ವಯಸ್ಕರಲ್ಲಿ ಅದರ ಮುಂದು ಹಿಂದಿನ ಉದ್ದ ಸುಮಾರು 24 ಮಿಲಿಮೀಟರು. ಹೊರಪದರದ ಬಹುಭಾಗ ಬಿಳಿಯ, ಗಟ್ಟಿಯಾದ ಶ್ವೇತಪಟಲ. ಮುಂದೆ ಗಡಿಯಾರದ ಗಾಜಿನಂತೆ ಕೂಡಿಸಿದ ಪಾರದರ್ಶಕ ಭಾಗವೇ ಕಾರ್ನಿಯಾ. ಅದರ ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅದರಲ್ಲಿ ರಕ್ತನಾಳಗಳಿಲ್ಲ. ಬೆಳಕನ್ನು ಬಾಗಿಸುವ ಕೆಲಸ ಮಸೂರದ್ದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಆ ಕೆಲಸದ ಮೂರರಲ್ಲಿ ಎರಡು ಭಾಗವನ್ನು ಮಾಡುವುದು ಕಾರ್ನಿಯಾ. ಮಸೂರವು ಹತ್ತಿರ ದೂರಗಳಿಗೆ ತಕ್ಕಂತೆ ನೋಟವನ್ನು ಹೊಂದಿಸಿಕೊಡುತ್ತದೆ. ಮಧ್ಯಪದರದಲ್ಲಿ ರಕ್ತನಾಳಗಳಿಂದ ತುಂಬಿದ ಪೊರೆಯೂ ಮುಂಭಾಗದಲ್ಲಿ ಬಣ್ಣದ ಪರದೆಯೂ ಇವೆ. ಆ ಪರದೆಯ ನಡುವಿನ ರಂಧ್ರವನ್ನೇ ನಾವು ಪಾಪೆ ಎನ್ನುತ್ತೇವೆ. ಒಳಪದರವಾದ ಅಕ್ಷಿಪಟಲದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ಸುಮಾರು 12 ಕೋಟಿ ಸರಳು ಕೋಶಗಳೂ ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಗ್ರಹಿಸುವ ಸುಮಾರು 60 ಲಕ್ಷ ಶಂಕು ಕೋಶಗಳೂ ಇವೆ. ಇವುಗಳ ಸಂದೇಶವನ್ನು ಮೆದುಳಿಗೆ ಒಯ್ಯುವ ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಎಳೆಗಳಿವೆ.

ದೃಷ್ಟಿನರದ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಣ್ಣುಗುಡ್ಡೆಯ ಹಿಂಭಾಗದಿಂದ ಗೂಡಿನ ತುದಿಗೆ ಇರುವ ದೂರ 2 ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಆದರೆ ಗೂಡಿನೊಳಗಿನ ನರದ ಉದ್ದ ಎರಡೂವರೆಯಿಂದ ಮೂರು ಸೆಂಟಿಮೀಟರು. ಬಾವಿಯ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟಂತೆ ನರವೂ ಬಾಗಿ ಮಲಗಿದೆ. ಈ ಸಡಿಲದಿಂದಲೇ ನಾವು ಕಣ್ಣನ್ನು ಎಲ್ಲ ದಿಕ್ಕಿಗೂ ತಿರುಗಿಸಿದರೂ ನರ ಜಗ್ಗುವುದಿಲ್ಲ. ಗೂಡಿನಲ್ಲಿ ಊತ ಬಂದು ಕಣ್ಣು ಮುಂದಕ್ಕೆ ಸರಿದಾಗಲೂ ಕೆಲವು ಮಿಲಿಮೀಟರುಗಳವರೆಗೆ ನರ ತಾಳಿಕೊಳ್ಳುತ್ತದೆ. ಸಡಿಲವೆಲ್ಲ ಮುಗಿದ ಮೇಲೆ ಅಪಾಯ ಆರಂಭವಾಗುತ್ತದೆ.

ಕಣ್ಣನ್ನು ತಿರುಗಿಸುವುದು ಆರು ಸ್ನಾಯುಗಳು. ನಾಲ್ಕು ನೇರ, ಎರಡು ಓರೆ. ಮೇಲಿನ ಓರೆ ಸ್ನಾಯುವು ಗೂಡಿನ ತುದಿಯಿಂದ ಹೊರಟು, ಮೂಗಿನ ಕಡೆಯ ಮೇಲ್ಮೂಲೆಯಲ್ಲಿರುವ ರಾಟೆಯಂಥ ಒಂದು ಬಳೆಯ ಮೂಲಕ ಹಾದು, ಹಿಂದಿರುಗಿ ಬಂದು ಕಣ್ಣುಗುಡ್ಡೆಗೆ ಅಂಟಿಕೊಳ್ಳುತ್ತದೆ. ನೇರ ಸ್ನಾಯುಗಳು ನಾಲ್ಕೂ ಗೂಡಿನ ತುದಿಯಲ್ಲಿ ಒಂದು ಉಂಗುರದಿಂದ ಹೊರಡುತ್ತವೆ. ಆ ಉಂಗುರದೊಳಗೆ ದೃಷ್ಟಿನರ ಹಾಯುತ್ತದೆ. ಪಕ್ಕದ ಸೀಳಿನಿಂದ ಕಣ್ಣಿನ ಸ್ನಾಯುಗಳ ನರಗಳು, ಹಣೆಗೆ ಸ್ಪರ್ಶಜ್ಞಾನ ಕೊಡುವ ನರ ಒಳಗೆ ಬರುತ್ತವೆ. ಬೆರಳ ತುದಿಯಷ್ಟೂ ಇಲ್ಲದ ಈ ಇಕ್ಕಟ್ಟಿನ ಮೂಲೆಯಲ್ಲಿ ದೃಷ್ಟಿ, ಚಲನೆ, ಸ್ಪರ್ಶ ಮೂರೂ ಒಟ್ಟಾಗಿ ಸಾಗುತ್ತವೆ.

ಕಣ್ಣಿಗೂ ಮೂಗಿಗೂ ಇರುವ ನಂಟಿಗೆ ಇನ್ನೊಂದು ಸಾಕ್ಷಿ ನಮ್ಮ ದಿನನಿತ್ಯದ ಅನುಭವದಲ್ಲಿಯೇ ಇದೆ. ಕಣ್ಣಿಗೆ ಬಿಟ್ಟ ಔಷಧಿಯ ಕಹಿ ಸ್ವಲ್ಪ ಹೊತ್ತಿಗೆ ಗಂಟಲಿಗೆ ತಿಳಿಯುತ್ತದೆ. ಅತ್ತಾಗ ಮೂಗು ಸೋರುತ್ತದೆ. ಗೂಡಿನ ಹೊರ ಮೇಲ್ಮೂಲೆಯ ಗ್ರಂಥಿಯಲ್ಲಿ ಹುಟ್ಟುವ ಕಣ್ಣೀರು ರೆಪ್ಪೆಯ ಒಳತುದಿಯ ಸಣ್ಣ ತೂತುಗಳ ಮೂಲಕ ಚೀಲವೊಂದಕ್ಕೆ ಇಳಿದು, ಅಲ್ಲಿಂದ ನಾಳದ ಮೂಲಕ ಮೂಗಿಗೆ ಸೇರುತ್ತದೆ.

ಶಿಲೀಂಧ್ರ ಹಿಡಿದ ದಾರಿ

ಈಗ ಕೋಠಿಯ ಆಸ್ಪತ್ರೆಯ ಪ್ರಶ್ನೆಗೆ ಹಿಂದಿರುಗಬಹುದು. ಮ್ಯೂಕರ್ ಜಾತಿಯ ಶಿಲೀಂಧ್ರಗಳ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹಳಸಿದ ರೊಟ್ಟಿಯಲ್ಲಿ, ಗಾಳಿಯಲ್ಲಿ ಎಲ್ಲೆಡೆಯೂ ಇವೆ. ನಾವೆಲ್ಲರೂ ಅವನ್ನು ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತೇವೆ. ಆರೋಗ್ಯವಂತರ ದೇಹ ಅವನ್ನು ಬೆಳೆಯಗೊಡುವುದಿಲ್ಲ. ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಮೀರಿದಾಗ ಮತ್ತು ಸ್ಟೀರಾಯ್ಡ್ ಔಷಧಿಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅವು ಮೂಗಿನೊಳಗೂ ಗಾಳಿಗೂಡುಗಳಲ್ಲಿಯೂ ಬೇರೂರುತ್ತವೆ. ಈ ಶಿಲೀಂಧ್ರ ರಕ್ತನಾಳಗಳ ಗೋಡೆಯನ್ನು ಕೊರೆದು ಒಳಹೊಕ್ಕು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ಕಪ್ಪು ಎಂಬುದು ಶಿಲೀಂಧ್ರದ ಬಣ್ಣವಲ್ಲ, ಸತ್ತ ಮಾಂಸದ ಬಣ್ಣ. ಈ ಹೆಸರು ಜನರಲ್ಲಿ ತಪ್ಪು ಕಲ್ಪನೆಗೆ ಎಡೆಮಾಡಿತು. ಕಪ್ಪು ಕಲೆ ಕಾಣುವವರೆಗೂ ಭಯವಿಲ್ಲವೆಂದು ಭಾವಿಸಿದರೆ ಬಹಳ ತಡವಾಗಿರುತ್ತದೆ.

ಗಾಳಿಗೂಡಿನಿಂದ ಕಣ್ಣಿನ ಗೂಡಿಗೆ ಬರಲು ಶಿಲೀಂಧ್ರಕ್ಕೆ ಎದುರಾಗುವ ತಡೆ ಆ ಕಾಗದದ ಗೋಡೆಯಷ್ಟೇ. ಕೆಲವರಲ್ಲಿ ಅದು ಮೂಳೆಯನ್ನು ತಿನ್ನದೆ, ರಕ್ತನಾಳಗಳ ರಂಧ್ರಗಳ ಮೂಲಕವೇ ದಾಟಿಬರುತ್ತದೆ. ನೆಲದ ಹಿಂಭಾಗದ ಸೀಳು ಮತ್ತೊಂದು ದಾರಿ. ಗೋಡೆ ದಾಟಿದ ಬಳಿಕ ಏನಾಗುತ್ತದೆ ಎಂಬುದನ್ನು ಮೇಲೆ ಹೇಳಿದ ರಚನೆಯಿಂದಲೇ ಊಹಿಸಬಹುದು. ಗೂಡಿನ ನೆಲದಲ್ಲಿ ಕೆನ್ನೆಗೆ ಸ್ಪರ್ಶಜ್ಞಾನ ಕೊಡುವ ನರ ಹರಿಯುವುದರಿಂದ ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳು ಜೋಮು ಹಿಡಿಯುತ್ತವೆ. ಸ್ನಾಯುಗಳು ಊದಿದಾಗ ಎರಡು ಕಣ್ಣುಗಳ ನೋಟ ಹೊಂದದೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಗೂಡು ಮುಂದೆ ಮಾತ್ರ ತೆರೆದಿರುವುದರಿಂದ ಒಳಗಿನ ಊತ ಕಣ್ಣನ್ನು ಮುಂದಕ್ಕೆ ನೂಕುತ್ತದೆ. ತುದಿಯ ಇಕ್ಕಟ್ಟಿನ ಮೂಲೆಗೆ ರೋಗ ತಲುಪಿದರೆ ರೆಪ್ಪೆ ಜೋಲುತ್ತದೆ, ಕಣ್ಣು ಅಲುಗಾಡದೆ ನಿಲ್ಲುತ್ತದೆ, ದೃಷ್ಟಿ ಹೋಗುತ್ತದೆ.

ದೃಷ್ಟಿ ಹಠಾತ್ತನೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಕ್ಷಿಪಟಲದ ಒಳಪದರಗಳಿಗೆ ರಕ್ತ ತರುವುದು ಒಂದೇ ಒಂದು ಸಣ್ಣ ಧಮನಿ. ಕಣ್ಣುಗುಡ್ಡೆಯ ಹಿಂದೆ ಸುಮಾರು ಒಂದು ಸೆಂಟಿಮೀಟರು ದೂರದಲ್ಲಿ ಅದು ದೃಷ್ಟಿನರದ ಒಳಗೆ ನುಗ್ಗುತ್ತದೆ. ಅದು ಮುಚ್ಚಿದರೆ ಸಾಮಾನ್ಯವಾಗಿ ಬದಲಿ ದಾರಿಯಿಲ್ಲ. ಒಂದೆರಡು ಗಂಟೆಗಳೊಳಗೆ ಆಗುವ ಹಾನಿ ಮರಳಿ ಸರಿಹೋಗದು. ಈ ಹಂತದಲ್ಲಿ ಎಷ್ಟು ದುಬಾರಿ ಔಷಧಿ ಕೊಟ್ಟರೂ ಕಣ್ಣಿನ ಬೆಳಕು ಬಾರದು. ರೋಗ ಇನ್ನೂ ಹಿಂದಕ್ಕೆ ಸಾಗಿದರೆ ಮೆದುಳನ್ನು ಸೇರುತ್ತದೆ. ಅದನ್ನು ತಡೆಯಲು ಶಸ್ತ್ರವೈದ್ಯರು ಕೆಲವರಲ್ಲಿ ಕಣ್ಣುಗುಡ್ಡೆಯೊಂದನ್ನೇ ಅಲ್ಲದೆ ಗೂಡಿನಲ್ಲಿರುವ ಸ್ನಾಯು, ಕೊಬ್ಬು, ನರ ಸಮಸ್ತವನ್ನೂ ತೆಗೆಯಬೇಕಾಯಿತು. ಜೀವ ಉಳಿಸುವುದಕ್ಕಾಗಿ ಮಾಡುವ ಈ ಶಸ್ತ್ರಕ್ರಿಯೆ ನೋಡುವವರಿಗೂ ಮಾಡುವವರಿಗೂ ಕಠಿಣವಾದುದು. ಕಣ್ಣುಗುಡ್ಡೆಯನ್ನು ಮಾತ್ರ ತೆಗೆದವರಿಗೆ ರೆಪ್ಪೆಗಳ ಹಿಂದೆ ಕೃತಕ ಕಣ್ಣನ್ನು ಕೂರಿಸಬಹುದು. ಇವರಿಗೆ ರೆಪ್ಪೆ ಸಹಿತವಾದ ಕೃತಕ ಮುಖಭಾಗವನ್ನೇ ಸಿಲಿಕೋನಿನಿಂದ ಮಾಡಿಕೊಡಬೇಕಾಗುತ್ತದೆ.

ಇದರಿಂದ ಚಿಕಿತ್ಸೆಯ ಕ್ರಮ ಸ್ಪಷ್ಟವಾಗುತ್ತದೆ. ಮೂಲ ಮೂಗಿನಲ್ಲಿ ಇರುವುದರಿಂದ ದುರ್ಬೀನಿನ ಮೂಲಕ ಗಾಳಿಗೂಡುಗಳಲ್ಲಿ ಸತ್ತ ಭಾಗವನ್ನು ತೆಗೆದುಹಾಕುವುದು, ಆಂಫೊಟೆರಿಸಿನ್ ಬಿ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಈ ಮೂರೂ ಜೊತೆಜೊತೆಯಾಗಿ ನಡೆಯಬೇಕು. ಮೂಗಿನ ವೈದ್ಯರು, ಕಣ್ಣಿನ ವೈದ್ಯರು, ಮಧುಮೇಹದ ವೈದ್ಯರು ಒಂದೇ ಸೂರಿನಡಿ ಕೂಡಿದ್ದುದು ಇದಕ್ಕಾಗಿ.

ಹೈದರಾಬಾದಿನ ಕಣ್ಣಿನ ವೈದ್ಯ ಡಾ. ಸಂತೋಷ್ ಹೊನ್ನಾವರ ಮತ್ತು ಸಹೋದ್ಯೋಗಿಗಳು ದೇಶದ ಅನೇಕ ಆಸ್ಪತ್ರೆಗಳಿಂದ 2826 ರೋಗಿಗಳ ವಿವರಗಳನ್ನು ಕಲೆಹಾಕಿ 2021ರಲ್ಲಿಯೇ ಭಾರತೀಯ ನೇತ್ರವೈದ್ಯರ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 78 ಮಂದಿಗೆ ಮಧುಮೇಹವಿತ್ತು. ನೂರಕ್ಕೆ 87 ಮಂದಿಗೆ ಸ್ಟೀರಾಯ್ಡ್ ಕೊಡಲಾಗಿತ್ತು. ನೂರಕ್ಕೆ 14 ಮಂದಿ ತೀರಿಕೊಂಡರು. ಸ್ಟೀರಾಯ್ಡ್ ವಿಷವಲ್ಲ, ಉಸಿರಾಟದ ತೊಂದರೆ ತೀವ್ರವಾದ ಕೋವಿಡ್ ರೋಗಿಗಳಲ್ಲಿ ಅದು ಜೀವ ಉಳಿಸಿದೆ. ಸಕ್ಕರೆಯ ಮಟ್ಟ ನೋಡದೆ, ಬೇಕಾದುದಕ್ಕಿಂತ ಹೆಚ್ಚು ದಿನ, ವೈದ್ಯರ ಚೀಟಿಯಿಲ್ಲದೆ ಅದನ್ನು ನುಂಗುವುದು ಅಪಾಯ. ಆ ಅಲೆ ಇಳಿದು ವರ್ಷಗಳಾದರೂ ಹತೋಟಿಯಿಲ್ಲದ ಮಧುಮೇಹಿಗಳಲ್ಲಿ ಈ ರೋಗ ಈಗಲೂ ಕಾಣಿಸಿಕೊಳ್ಳುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಜನ ಇಂದಿಗೂ ಚಿಕಿತ್ಸೆಗಾಗಿ ಹೈದರಾಬಾದಿಗೆ ಹೋಗುವುದುಂಟು. ಮಧುಮೇಹವಿದ್ದು ಮುಖದ ಒಂದೇ ಕಡೆ ನೋವು, ಕೆನ್ನೆಯ ಜೋಮು, ಮೂಗಿನಿಂದ ಕಂದು ಅಥವಾ ಕಪ್ಪು ದ್ರವ, ರೆಪ್ಪೆಯ ಊತ ಕಂಡಾಗ ದೂರದ ದೊಡ್ಡ ಊರಿನ ದಿನ ಗೊತ್ತುಮಾಡಿಕೊಳ್ಳುತ್ತ ಕೂರದೆ, ಅದೇ ದಿನ ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ಮೂಗಿನ ಪರೀಕ್ಷೆ ಮಾಡಿಸುವುದು ಯುಕ್ತ.

ಪೆಟ್ಟು ಬಿದ್ದಾಗ

ತೆಳುವಾದ ಗೋಡೆಗಳಿಂದ ಒಂದು ಉಪಕಾರವೂ ಇದೆ ಎಂದರೆ ಆಶ್ಚರ್ಯವಾಗಬಹುದು. ಕಣ್ಣಿಗೆ ನೇರವಾಗಿ ಗುದ್ದು ಬಿದ್ದಾಗ ಗೂಡಿನೊಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಆಗ ಗೂಡಿನ ನೆಲ ಅಥವಾ ಮೂಗಿನ ಕಡೆಯ ಗೋಡೆ ಬಿರಿದು ಒತ್ತಡವನ್ನು ಹೊರಗೆ ಬಿಡುತ್ತದೆ. ಕಣ್ಣುಗುಡ್ಡೆ ಒಡೆಯದೆ ಉಳಿಯುವ ಸಂಭವ ಹೆಚ್ಚುತ್ತದೆ. ಮೂಗಿನ ಕಡೆಯ ಗೋಡೆ ಹೆಚ್ಚು ತೆಳುವಾಗಿದ್ದರೂ ಅದರ ಹಿಂದಿನ ಜೇನುಗೂಡಿನ ರಚನೆ ಅದಕ್ಕೆ ಆಸರೆ ಕೊಡುವುದರಿಂದ ನೆಲ ಮುರಿಯುವುದೂ ಸಾಮಾನ್ಯ.

ಕ್ರಿಕೆಟ್ ಚೆಂಡು ಗೂಡಿನ ಬಾಯಿಗಿಂತ ದೊಡ್ಡದಾದುದರಿಂದ ಪೆಟ್ಟಿನ ಬಹುಭಾಗವನ್ನು ಮೂಳೆಯ ಅಂಚು ತಡೆದುಕೊಳ್ಳುತ್ತದೆ. ಆದರೂ ಅದು ಪೂರ್ಣ ರಕ್ಷಣೆಯಲ್ಲ. 2000ದಲ್ಲಿ ಢಾಕಾದ ಏಷ್ಯಾ ಕಪ್ ಪಂದ್ಯದಲ್ಲಿ ಅನಿಲ್ ಕುಂಬ್ಳೆಯವರ ಎಸೆತಕ್ಕೆ ವಿಕೆಟ್ ಕಾಯುತ್ತಿದ್ದ ಸಬಾ ಕರೀಂ ಅವರ ಬಲಗಣ್ಣಿಗೆ, ಬ್ಯಾಟುಗಾರನ ಬೂಟಿಗೆ ತಾಗಿ ಚಿಮ್ಮಿದ ಚೆಂಡು ಬಡಿದು ಅವರ ಆಟವೇ ಬೇಗ ಮುಗಿಯಿತು. ಷಟಲ್ ಕಾಕ್, ಚಿನ್ನಿದಾಂಡಿನ ಚಿನ್ನಿ, ಬಿಲ್ಲುಬಾಣದಾಟದ ಕಡ್ಡಿ ಇವು ಅಂಚಿಗೆ ತಾಗದೆ ನೇರವಾಗಿ ಒಳಗೇ ಬರುವಂಥವು. ಮಕ್ಕಳ ಆಟಿಕೆಗಳಲ್ಲಿ ಇವುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಮಕ್ಕಳ ಮೂಳೆ ಹಸಿ ಬಿದಿರಿನಂತೆ ಬಾಗುವ ಸ್ವಭಾವದ್ದು. ಗೂಡಿನ ನೆಲ ಬಿರಿದು ತೆರೆದು, ಮತ್ತೆ ಮುಚ್ಚಿಕೊಳ್ಳುವಾಗ ಕೆಳಗಿನ ಸ್ನಾಯುವನ್ನು ಇಕ್ಕಳದಂತೆ ಕಚ್ಚಿಕೊಳ್ಳಬಹುದು. ಹೊರಗೆ ಊತವಾಗಲಿ ಕೆಂಪಾಗಲಿ ಹೆಚ್ಚು ಕಾಣುವುದಿಲ್ಲ. ಮಗು ಮೇಲಕ್ಕೆ ನೋಡಲಾರದು, ವಾಂತಿ ಮಾಡಿಕೊಳ್ಳುತ್ತದೆ, ನಾಡಿ ನಿಧಾನವಾಗುತ್ತದೆ. ತಲೆಗೆ ಪೆಟ್ಟಾಗಿದೆ ಎಂದು ಮಾತ್ರ ಭಾವಿಸಿ ಕಣ್ಣನ್ನು ಮರೆತರೆ ಸಿಕ್ಕಿಬಿದ್ದ ಸ್ನಾಯು ಸಾಯುತ್ತದೆ. ಇಂಥ ಸಂದರ್ಭದಲ್ಲಿ ಶಸ್ತ್ರಕ್ರಿಯೆ ಒಂದೆರಡು ದಿನಗಳೊಳಗೆ ಆಗಬೇಕು. ಗೂಡು ಮುರಿದಿರುವ ಅನುಮಾನವಿದ್ದಾಗ ಮೂಗನ್ನು ಜೋರಾಗಿ ಸೀದಬಾರದು. ಗಾಳಿಗೂಡಿನ ಗಾಳಿ ಬಿರುಕಿನಿಂದ ಕಣ್ಣಿನ ಗೂಡಿಗೆ ನುಗ್ಗಿ ರೆಪ್ಪೆ ಕ್ಷಣದಲ್ಲಿ ಬಲೂನಿನಂತೆ ಉಬ್ಬುತ್ತದೆ.

ದಾನವಾಗಿ ಕೊಡುವುದು ಯಾವ ಭಾಗ

ನೇತ್ರದಾನ ಮಾಡಿದರೆ ಗೂಡು ಬರಿದಾಗಿ ಮುಖ ವಿಕಾರವಾಗುತ್ತದೆಂಬ ಅಂಜಿಕೆ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಇದೆ. ಇಡೀ ಕಣ್ಣನ್ನು ಬದಲಾಯಿಸಿ ದೃಷ್ಟಿ ಕೊಡಲು ಇಂದಿಗೂ ಸಾಧ್ಯವಾಗಿಲ್ಲ. 2023ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ರೋಗಿಗೆ ಮುಖದ ಭಾಗದೊಡನೆ ಇಡೀ ಕಣ್ಣನ್ನು ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ಅದು ಜೀವಂತವಾಗಿ ಉಳಿಯಿತು. ದೃಷ್ಟಿ ಮಾತ್ರ ಬರಲಿಲ್ಲ. ಕಡಿದ ದೃಷ್ಟಿನರದ ಲಕ್ಷಾಂತರ ಎಳೆಗಳನ್ನು ಮತ್ತೆ ಕೂಡಿಸುವ ವಿದ್ಯೆ ನಮಗೆ ತಿಳಿಯದು.

ಕಸಿಗೆ ಬರುವುದು ಕಾರ್ನಿಯಾ. ಹೈದರಾಬಾದಿನ ಬಂಜಾರ ಹಿಲ್ಸ್‌ನಲ್ಲಿರುವ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಈ ಕಸಿಗಾಗಿ ಜಗತ್ತಿನಲ್ಲಿಯೇ ಹೆಸರಾಗಿದೆ. ಚಲನಚಿತ್ರ ನಿರ್ಮಾಪಕ ಎಲ್.ವಿ. ಪ್ರಸಾದರು ನೀಡಿದ ಭೂಮಿ ಮತ್ತು ಧನದ ನೆರವಿನಿಂದ ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಅವರು ಕಟ್ಟಿದ ಈ ಸಂಸ್ಥೆ 1987ರಲ್ಲಿ ಕಾರ್ಯಾರಂಭ ಮಾಡಿತು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೇಕಾದರೆ, 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರ ಅಕ್ಟೋಬರಿನಲ್ಲಿ ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ಕುಟುಂಬದವರು ದಾನ ಮಾಡಿದರು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ವೈದ್ಯರು ಮುಂದಿನ ಮತ್ತು ಹಿಂದಿನ ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು. ಅರ್ಧ ಮಿಲಿಮೀಟರು ದಪ್ಪದ ಪೊರೆಯನ್ನು ಎರಡಾಗಿ ಸೀಳುವ ಕೆಲಸವಿದು.

ನೇತ್ರಭಂಡಾರದವರು ಬಹುತೇಕ ಈಗ ಮುಂದಿನ ಆ ಪಾರದರ್ಶಕ ಬಿಲ್ಲೆಯನ್ನು ಶ್ವೇತಪಟಲದ ಒಂದು ಸಣ್ಣ ಅಂಚಿನೊಡನೆ ತೆಗೆಯುತ್ತಾರೆ. ಕಣ್ಣುಗುಡ್ಡೆ, ಸ್ನಾಯು, ಗೂಡು ಇದ್ದಂತೆಯೇ ಇರುತ್ತವೆ. ಪ್ಲಾಸ್ಟಿಕ್ಕಿನ ಒಂದು ಚಿಪ್ಪನ್ನು ಇರಿಸಿ ರೆಪ್ಪೆಯನ್ನು ಮುಚ್ಚಿದ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ. ಮರಣವಾದ 6 ಗಂಟೆಗಳೊಳಗೆ ಈ ಕೆಲಸ ಮುಗಿಯಬೇಕು. ಅವರು ಬರುವವರೆಗೆ ಮೃತರ ರೆಪ್ಪೆಗಳನ್ನು ಮುಚ್ಚಿ, ಒದ್ದೆ ಹತ್ತಿಯನ್ನು ಮೇಲೆ ಇಟ್ಟು, ಫ್ಯಾನನ್ನು ನಿಲ್ಲಿಸಿ, ತಲೆಯ ಕೆಳಗೆ ಒಂದು ದಿಂಬನ್ನು ಇರಿಸಬೇಕು. ಕನ್ನಡಕ ಹಾಕಿಕೊಂಡಿದ್ದವರು, ಮಧುಮೇಹವಿದ್ದವರು, ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಸಹ ದಾನಿಗಳಾಗಬಹುದು.